ಮ್ಯಾಟ್ರಿಕ್ಸ್ ಸ್ವಿಚರ್: ಮೊದಲು ಪಟ್ಟಿ, ಆಮೇಲೆ ಪೆಟ್ಟಿಗೆ

ಕಲ್ಯಾಣ ಮಂಟಪ ಕಟ್ಟಿಸುತ್ತಿರುವವರು, ಕಾಲೇಜಿನ ಸಭಾಂಗಣ ನೋಡಿಕೊಳ್ಳುವವರು, ಮದುವೆಗೆ ವಿಡಿಯೊ ಮಿಕ್ಸಿಂಗ್ ಮಾಡುವವರು, ಹೀಗೆ ದಾವಣಗೆರೆ, ಚಿತ್ರದುರ್ಗದ ಕಡೆಯಿಂದ ಯಾರೇ ಕೇಳಿದರೂ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಹನ್ನೆರಡು ಪರದೆ ಇವೆ, ಹತ್ತು ಕಡೆಯಿಂದ ಚಿತ್ರ ಬರುತ್ತೆ. ಯಾವುದನ್ನು ಬೇಕಾದರೂ ಯಾವ ಪರದೆಗೆ ಬೇಕಾದರೂ ಕಳಿಸಬೇಕು. ಯಾವ ಮ್ಯಾಟ್ರಿಕ್ಸ್ ತಗೊಳ್ಳೋಣ?" ಕೊನೆಯ ವಾಕ್ಯವನ್ನು ಕೊನೆಗೇ ಕೇಳಬೇಕು. ಪರದೆ ಕಪ್ಪಾಗುವುದು, ಮಿನುಗುವುದು, ಒಂದು ಟಿವಿಯಲ್ಲಿ ಮಾತ್ರ ಧ್ವನಿ ಬರದಿರುವುದು, ಇಂಥ ದೂರುಗಳಲ್ಲಿ ಪೆಟ್ಟಿಗೆಯದೇ ತಪ್ಪು ಇರುವುದು ಅಪರೂಪ. ಕೇಬಲ್, ಅರ್ಥಿಂಗ್, ಇಡಿಐಡಿ (ತಾನು ಏನು ತೋರಿಸಬಲ್ಲೆ ಎಂದು ಟಿವಿ ಕೊಡುವ ಪರಿಚಯ), ಈ ಮೂರರಲ್ಲಿ ಒಂದು ಸಿಕ್ಕಿಬೀಳುತ್ತದೆ. ಆದ್ದರಿಂದ ಈ ಬರಹದಲ್ಲಿ ಆ ಮೂರಕ್ಕೇ ಹೆಚ್ಚು ಜಾಗ.

ಮೊದಲು ಹೆಸರುಗಳ ಗೊಂದಲ ತೀರಿಸಿಕೊಳ್ಳಿ. ಒಂದು ಚಿತ್ರವನ್ನು ನಾಲ್ಕು ಟಿವಿಗೆ ಹಂಚುವುದು ಸ್ಪ್ಲಿಟರ್. ನಾಲ್ಕು ಚಿತ್ರದಲ್ಲಿ ಒಂದನ್ನು ಆರಿಸಿ ಒಂದು ಟಿವಿಗೆ ಕೊಡುವುದು ಬರೀ ಸ್ವಿಚರ್. ಬರುವ ಯಾವ ಚಿತ್ರವನ್ನಾದರೂ ಹೋಗುವ ಯಾವ ದಾರಿಗಾದರೂ, ಒಂದೇ ಹೊತ್ತಿಗೆ ಬೇರೆ ಬೇರೆಯಾಗಿ ಕೊಡುವುದು ಮ್ಯಾಟ್ರಿಕ್ಸ್. 16×16 ಎಂದರೆ 16 ಇನ್‌ಪುಟ್, 16 ಔಟ್‌ಪುಟ್, ಒಳಗೆ 256 ಜೋಡಣೆಗಳು. ಒಂದೇ ಚಿತ್ರವನ್ನು ಒಂಬತ್ತು ಟಿವಿಗೆ ಹರಿದು ಒಂದು ದೊಡ್ಡ ಚಿತ್ರ ಮಾಡುವುದು ವಿಡಿಯೊ ವಾಲ್ ಪ್ರೊಸೆಸರ್. ಅದು ಬೇರೆಯೇ ಕೆಲಸ. ಕೆಲವು ಮ್ಯಾಟ್ರಿಕ್ಸ್‌ಗಳಲ್ಲಿ ಅದೂ ಸೇರಿರುತ್ತದೆ, ಎಲ್ಲದರಲ್ಲೂ ಅಲ್ಲ. "ಮ್ಯಾಟ್ರಿಕ್ಸ್ ಅಂದ್ಮೇಲೆ ವಾಲ್ ಆಗಲ್ವಾ" ಎಂದು ನಂಬಿ ಕೊಂಡವರು ಆಮೇಲೆ ಎರಡನೇ ಪೆಟ್ಟಿಗೆಗೆ ದುಡ್ಡು ಹೊಂದಿಸಬೇಕಾಗುತ್ತದೆ.

1. ಪಟ್ಟಿ ಬರೆಯಿರಿ

ಒಂದು ಹಾಳೆಯಲ್ಲಿ ಎಡಕ್ಕೆ ಚಿತ್ರದ ಮೂಲಗಳು, ಬಲಕ್ಕೆ ಪರದೆಗಳು. ಪ್ರತಿಯೊಂದರ ಎದುರು ಮ್ಯಾಟ್ರಿಕ್ಸ್ ಇಡುವ ಕೋಣೆಯಿಂದ ಕೇಬಲ್ ಸಾಗುವ ದೂರ. ಕಣ್ಣಳತೆ ಬೇಡ; ಗೋಡೆ ಹತ್ತಿ, ಫಾಲ್ಸ್ ಸೀಲಿಂಗ್ ಸುತ್ತಿ ಇಳಿಯುವ ನಿಜವಾದ ದೂರ.

ಎರಡು ಹಾಲ್, ಒಂದು ಊಟದ ಹಾಲ್ ಇರುವ ಮಂಟಪವೊಂದನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಮೂಲಗಳು: ಮೇಲಿನ ಹಾಲಿನ ಕ್ಯಾಮೆರಾ ಮಿಕ್ಸರ್ 1, ಕೆಳಗಿನ ಹಾಲಿನದು 1, ವೇದಿಕೆಗಳ ಎಡಬಲದಲ್ಲಿ ಲ್ಯಾಪ್‌ಟಾಪ್ ಪಾಯಿಂಟ್ 4, ಕಂಟ್ರೋಲ್ ರೂಮಿನ ಕಂಪ್ಯೂಟರ್ 2, ಸೆಟ್‌ಟಾಪ್ ಬಾಕ್ಸ್ 1, ಸ್ವಾಗತ ಫಲಕದ ಪ್ಲೇಯರ್ 1. ಒಟ್ಟು 10. ಪರದೆಗಳು: ವೇದಿಕೆಯ ಎಲ್‌ಇಡಿ ವಾಲ್ 2, ಹಾಲಿನ ಪಕ್ಕದ ಟಿವಿ 4, ಊಟದ ಹಾಲಿನ ಟಿವಿ 4, ಬಾಗಿಲ ಬಳಿ 2, ಹೊರಗಿನ ಎಲ್‌ಇಡಿ 1, ಕಂಟ್ರೋಲ್ ರೂಮಿನ ಮಾನಿಟರ್ 1, ಲೈವ್ ಮತ್ತು ರೆಕಾರ್ಡಿಂಗ್‌ಗೆ 1. ಒಟ್ಟು 15.

16×16 ಕೊಂಡರೆ ಉಳಿಯುವುದು ಒಂದೇ ಔಟ್‌ಪುಟ್. ಆದರೆ ಊಟದ ಹಾಲಿನ ನಾಲ್ಕು ಟಿವಿಗಳಲ್ಲಿ ಬೇರೆ ಬೇರೆ ಚಿತ್ರ ಎಂದಾದರೂ ಬೇಕೇ? ಬೇಡ. ಆ ನಾಲ್ಕಕ್ಕೆ ಒಂದು ಔಟ್‌ಪುಟ್ ಕೊಟ್ಟು, ಅಲ್ಲೇ ಊಟದ ಹಾಲಿನಲ್ಲಿ 1×4 ಸ್ಪ್ಲಿಟರ್ ಇಡಿ. 15 ಇದ್ದದ್ದು 12 ಆಯಿತು, ನಾಲ್ಕು ಖಾಲಿ ಉಳಿದವು, ಮೂರು ಉದ್ದ ಕೇಬಲ್ ಎಳೆಯುವ ಕೆಲಸವೂ ತಪ್ಪಿತು. ಎರಡೂ ಕಡೆ ಕಾಲು ಭಾಗ ಖಾಲಿ ಇರಲಿ. ಒಂದು ಪೋರ್ಟ್ ಸಿಡಿಲಿಗೆ ಸತ್ತರೆ ಆ ಖಾಲಿ ಪೋರ್ಟೇ ಆವತ್ತಿನ ಮದುವೆ ದಾಟಿಸುವುದು.

2. ಎಲ್ಲಕ್ಕೂ ಒಂದೇ ರೆಸಲ್ಯೂಷನ್ ಗೊತ್ತುಮಾಡಿ

4ಕೆ ಬೇಕೇ ಎನ್ನುವುದು ಇಲ್ಲೇ ತೀರ್ಮಾನವಾಗಬೇಕು. 1080ಪಿ60 (1920×1080 ಚುಕ್ಕೆ, ಸೆಕೆಂಡಿಗೆ 60 ಫ್ರೇಮ್) ಚಿತ್ರಕ್ಕೆ ಎಚ್‌ಡಿಎಂಐ ತಂತಿಯಲ್ಲಿ ಹರಿಯುವುದು ಸೆಕೆಂಡಿಗೆ 4.46 ಗಿಗಾಬಿಟ್. 4ಕೆ30ಕ್ಕೆ 8.91. ಪೂರ್ಣ ಬಣ್ಣದ 4ಕೆ60ಕ್ಕೆ 17.82. ಎಚ್‌ಡಿಎಂಐ 1.4ರ ಮಿತಿ 10.2, 2.0ರದು 18. ಅಂದರೆ ಪೆಟ್ಟಿಗೆಯ ಮೇಲೆ ಬರೀ "4ಕೆ" ಎಂದು ಬರೆದಿದ್ದರೆ ಅದಕ್ಕೆ ಅರ್ಥವಿಲ್ಲ. 30ಓ 60ಓ, 4:4:4ಓ 4:2:0ಓ ಎಂದು ಕೇಳಿ ಬರೆಸಿಕೊಳ್ಳಿ. 4:4:4 ಎಂದರೆ ಪ್ರತಿ ಚುಕ್ಕೆಗೂ ಅದರದೇ ಬಣ್ಣ; 4:2:0 ಎಂದರೆ ನಾಲ್ಕು ಚುಕ್ಕೆಗೆ ಒಂದು ಬಣ್ಣದ ಮಾಹಿತಿ. ಸಿನಿಮಾ ನೋಡುವಾಗ ವ್ಯತ್ಯಾಸ ಕಾಣದು. ನೀಲಿ ಹಿನ್ನೆಲೆಯ ಮೇಲೆ ಕೆಂಪು ಸಣ್ಣಕ್ಷರವಿರುವ ಸ್ಲೈಡ್ ಹಾಕಿ ನೋಡಿ, ಅಕ್ಷರದ ಅಂಚು ಹರಡಿಕೊಂಡಿರುತ್ತದೆ.

ಮಂಟಪಕ್ಕೂ ಸಾಧಾರಣ ಸಭಾಂಗಣಕ್ಕೂ 1080ಪಿ ಸಾಕು ಎನ್ನುವುದು ನಮ್ಮ ಅಭಿಪ್ರಾಯ. ನಲವತ್ತು ಅಡಿ ದೂರ ಕೂತವರಿಗೆ 65 ಇಂಚಿನ ಟಿವಿಯಲ್ಲಿ 4ಕೆ ಗೊತ್ತಾಗುವುದಿಲ್ಲ. ಶಸ್ತ್ರಚಿಕಿತ್ಸೆ ತೋರಿಸುವ ವೈದ್ಯಕೀಯ ಕಾಲೇಜು, ನಕ್ಷೆ ನೋಡುವ ಕಂಟ್ರೋಲ್ ರೂಂ ಆದರೆ ಮಾತು ಬೇರೆ.

ಎಲ್‌ಇಡಿ ವಾಲ್‌ನ ಲೆಕ್ಕ ಪ್ರತ್ಯೇಕವಾಗಿ ಮಾಡಿ. ಪಿ2.5 ಎಂದರೆ ಚುಕ್ಕೆಯಿಂದ ಚುಕ್ಕೆಗೆ 2.5 ಮಿಲಿಮೀಟರ್. 640×480 ಮಿ.ಮೀ. ಕ್ಯಾಬಿನೆಟ್‌ನಲ್ಲಿ 256×192 ಪಿಕ್ಸೆಲ್. ಅಡ್ಡ 5, ಮೇಲೆ 4 ಜೋಡಿಸಿದರೆ 3.2 ಮೀಟರ್ ಅಗಲ, 1.92 ಮೀಟರ್ ಎತ್ತರ, 1280×768 ಪಿಕ್ಸೆಲ್. ಒಟ್ಟು 9,83,040. ವಾಲ್‌ಗೆ ಚಿತ್ರ ಕಳಿಸುವ ಸೆಂಡಿಂಗ್ ಬಾಕ್ಸ್‌ನ ಒಂದು ಗಿಗಾಬಿಟ್ ಪೋರ್ಟ್ ಸಾಮಾನ್ಯವಾಗಿ 6.5 ಲಕ್ಷ ಪಿಕ್ಸೆಲ್ ಹೊರುತ್ತದೆ, ಹಾಗಾಗಿ ಇದಕ್ಕೆ ಎರಡು ಪೋರ್ಟ್ ಬೇಕು. ಇನ್ನೊಂದು ಬಲೆ ಇಲ್ಲಿದೆ: ಬರೀ ಸೆಂಡಿಂಗ್ ಬಾಕ್ಸ್ ಚಿತ್ರವನ್ನು ಕುಗ್ಗಿಸುವುದಿಲ್ಲ. 1920×1080 ಕೊಟ್ಟರೆ ಎಡ ಮೇಲ್ಮೂಲೆಯ 1280×768 ಮಾತ್ರ ವಾಲ್‌ನಲ್ಲಿ ಕಾಣುತ್ತದೆ, ವಧುವರರ ಹೆಸರು ಅರ್ಧಕ್ಕೆ ಕತ್ತರಿಸಿ ಹೋಗಿರುತ್ತದೆ. ಸ್ಕೇಲರ್ (ಚಿತ್ರದ ಅಳತೆ ಹಿಗ್ಗಿಸುವ, ಕುಗ್ಗಿಸುವ ಭಾಗ) ಇರುವ ಎಲ್‌ಇಡಿ ಪ್ರೊಸೆಸರ್ ಕೇಳಿ ಪಡೆಯಿರಿ.

ಮದುವೆ ಕ್ಯಾಮೆರಾಗಳು ಸಾಮಾನ್ಯವಾಗಿ 50 ಹರ್ಟ್ಸ್‌ನಲ್ಲಿರುತ್ತವೆ, ಲ್ಯಾಪ್‌ಟಾಪ್‌ಗಳು 60ರಲ್ಲಿ. ಮ್ಯಾಟ್ರಿಕ್ಸ್‌ಗೆ ಇದು ತೊಂದರೆಯಲ್ಲ. ಬದಲಿಸಿದಾಗಲೆಲ್ಲ ಟಿವಿ ಹೊಸದಾಗಿ ಹೊಂದಿಕೊಳ್ಳಬೇಕು, ಅಷ್ಟು ಹೊತ್ತು ಕಪ್ಪು. ಮಿಕ್ಸರ್ 1080ಐನಲ್ಲಿದ್ದರೆ (ಗೆರೆಗಳನ್ನು ಒಂದು ಬಿಟ್ಟು ಒಂದರಂತೆ ಕಳಿಸುವ ಪದ್ಧತಿ) ಮಾತ್ರ 1080ಪಿಗೆ ಬದಲಾಯಿಸಿ. ಹಲವು ಕಂಪ್ಯೂಟರ್ ಮಾನಿಟರ್‌ಗಳೂ ಕೆಲವು ಸೆಂಡಿಂಗ್ ಬಾಕ್ಸ್‌ಗಳೂ 1080ಐ ಒಪ್ಪುವುದಿಲ್ಲ.

3. ಯಾವ ಜಾತಿಯ ಮ್ಯಾಟ್ರಿಕ್ಸ್

ಪಟ್ಟಿಯಲ್ಲಿ ದೂರ ಬರೆದಿರಲ್ಲ, ಉತ್ತರ ಅಲ್ಲೇ ಇದೆ.

ಎಲ್ಲವೂ ಒಂದೇ ಕೋಣೆಯಲ್ಲಿ, 5 ಮೀಟರ್ ಒಳಗಿದ್ದರೆ ಬರೀ ಎಚ್‌ಡಿಎಂಐ ಮ್ಯಾಟ್ರಿಕ್ಸ್. 4ಕೆ60ಕ್ಕೆ ತಾಮ್ರದ ಸಾದಾ ಎಚ್‌ಡಿಎಂಐ ಕೇಬಲ್ 5ರಿಂದ 7 ಮೀಟರಿಗಿಂತ ಮುಂದಕ್ಕೆ ನಂಬಿಕೆಯಿಂದ ಹೋಗುವುದಿಲ್ಲ.

ಪರದೆಗಳು ಕಟ್ಟಡದ ತುಂಬ ಇದ್ದರೆ ಎಚ್‌ಡಿಬೇಸ್‌ಟಿ ಔಟ್‌ಪುಟ್ ಇರುವ ಮ್ಯಾಟ್ರಿಕ್ಸ್. ಎಚ್‌ಡಿಬೇಸ್‌ಟಿ ಎಂದರೆ ಚಿತ್ರ, ಧ್ವನಿ, ನಿಯಂತ್ರಣ, ರಿಸೀವರ್‌ಗೆ (ಪರದೆಯ ಬಳಿ ಅದನ್ನು ಮತ್ತೆ ಎಚ್‌ಡಿಎಂಐ ಮಾಡಿಕೊಡುವ ಸಣ್ಣ ಪೆಟ್ಟಿಗೆ) ಬೇಕಾದ ಕರೆಂಟ್, ಇಷ್ಟನ್ನೂ ನೆಟ್‌ವರ್ಕ್‌ಗೆ ಬಳಸುವಂಥ ಒಂದೇ ಕ್ಯಾಟ್6 ಕೇಬಲ್‌ನಲ್ಲಿ ಒಯ್ಯುವ ಪದ್ಧತಿ. ದೂರದ ಜಾತಿ 100 ಮೀಟರ್. ಅಗ್ಗದ ಜಾತಿ 1080ಪಿಗೆ 70 ಮೀಟರ್, 4ಕೆಗೆ 40 ಮೀಟರ್ ಅಥವಾ ಅದಕ್ಕೂ ಕಡಿಮೆ. ಉದಾಹರಣೆಯ ಮಂಟಪಕ್ಕೆ ಇದೇ ಸರಿ.

ಪರದೆಗಳು ಮೂರು ನಾಲ್ಕು ಕಟ್ಟಡಗಳಲ್ಲಿ ಹರಡಿದ್ದರೆ, ಅಥವಾ ಮುಂದೆ ಮೂವತ್ತು ನಲವತ್ತಕ್ಕೆ ಬೆಳೆಯುವುದಿದ್ದರೆ ನೆಟ್‌ವರ್ಕ್ ಮೇಲೆ ವಿಡಿಯೊ. ಪ್ರತಿ ಮೂಲಕ್ಕೆ ಚಿತ್ರವನ್ನು ನೆಟ್‌ವರ್ಕ್‌ಗೆ ಹೊಂದಿಸುವ ಒಂದು ಎನ್‌ಕೋಡರ್, ಪ್ರತಿ ಪರದೆಗೆ ಅದನ್ನು ಮತ್ತೆ ಚಿತ್ರ ಮಾಡುವ ಒಂದು ಡಿಕೋಡರ್, ನಡುವೆ ನೆಟ್‌ವರ್ಕ್ ಸ್ವಿಚ್. ಇದರಲ್ಲಿ ಬೀಳುವವರು ಎರಡು ಗುಂಡಿಗೆ ಬೀಳುತ್ತಾರೆ. ಮೊದಲನೆಯದು, ಸ್ವಿಚ್‌ನಲ್ಲಿ ಐಜಿಎಂಪಿ ಸ್ನೂಪಿಂಗ್ ಮತ್ತು ಕ್ವೆರಿಯರ್ ಎರಡನ್ನೂ ಚಾಲೂ ಮಾಡದಿರುವುದು. ಯಾವ ಪರದೆ ಯಾವ ಚಿತ್ರ ಕೇಳಿದೆ ಎಂದು ಸ್ವಿಚ್ ನೋಡಿಕೊಳ್ಳುವ ಏರ್ಪಾಡು ಅದು. ಇಲ್ಲವಾದರೆ ಎಲ್ಲ ಚಿತ್ರವೂ ಎಲ್ಲ ಪೋರ್ಟಿಗೂ ನುಗ್ಗಿ, ಅದೇ ನೆಟ್‌ವರ್ಕಿನ ಬಿಲ್ಲಿಂಗ್ ಕಂಪ್ಯೂಟರೂ ಸಿಸಿಟಿವಿಯೂ ನಿಂತುಹೋಗುತ್ತವೆ. ಎರಡನೆಯದು, ಎರಡು ಸ್ವಿಚ್‌ಗಳ ನಡುವಿನ ಕೊಂಡಿ. ಕಡಿಮೆ ಕುಗ್ಗಿಸುವ 1 ಗಿಗಾಬಿಟ್ ಎನ್‌ಕೋಡರ್ ಒಂದೇ 800, 900 ಮೆಗಾಬಿಟ್ ತಿನ್ನಬಹುದು. ಕೊಂಡಿಯೂ 1 ಗಿಗಾಬಿಟ್ ಆದರೆ ಆಚೆ ಕಟ್ಟಡಕ್ಕೆ ಒಂದೇ ಚಿತ್ರ ದಾಟುತ್ತದೆ, ಎರಡನೆಯದನ್ನು ಹಾಕಿದಾಗ ಎರಡೂ ಒಡೆಯುತ್ತವೆ. ಕೊಂಡಿ 10 ಗಿಗಾಬಿಟ್ ಫೈಬರ್ ಇರಲಿ.

ಇನ್ನೊಂದು ಪದ "ಸೀಮ್‌ಲೆಸ್". ಪ್ರತಿ ಔಟ್‌ಪುಟ್‌ಗೂ ಒಳಗೇ ಸ್ಕೇಲರ್ ಇದ್ದು, ಬದಲಿಸುವಾಗ ಕಪ್ಪು ಬರದಂತೆ ನೋಡಿಕೊಳ್ಳುವ ಮ್ಯಾಟ್ರಿಕ್ಸ್ ಅದು. ಸಾಧಾರಣ ಮ್ಯಾಟ್ರಿಕ್ಸ್‌ನಲ್ಲಿ ಪ್ರತಿ ಬದಲಾವಣೆಗೂ ಕೆಲವು ಸೆಕೆಂಡ್ ಪರದೆ ಕಪ್ಪು. ಊಟದ ಹಾಲಿಗೆ ಪರವಾಗಿಲ್ಲ. ವೇದಿಕೆಯ ಹಿಂದಿನ ವಾಲ್‌ಗೆ ಅದು ಸಲ್ಲದು. ಎಲ್‌ಇಡಿ ಪ್ರೊಸೆಸರ್ ತಾನೇ ಕಪ್ಪಿಲ್ಲದೆ ಬದಲಿಸುತ್ತಿದ್ದರೆ ಅದಕ್ಕೆ ಎರಡು ಔಟ್‌ಪುಟ್ ಕೊಟ್ಟು ಸಾಧಾರಣ ಮ್ಯಾಟ್ರಿಕ್ಸ್‌ನಲ್ಲೇ ಕೆಲಸ ಮುಗಿಸಬಹುದು. ಪಟ್ಟಿಯಲ್ಲಿ ನಾಲ್ಕು ಖಾಲಿ ಬಿಟ್ಟದ್ದು ಇದಕ್ಕೂ ಒದಗಿತು.

4. ಕೇಬಲ್

ಹಣ ಉಳಿಸಲು ಹೋಗಿ ಎಲ್ಲರೂ ಕೈಸುಟ್ಟುಕೊಳ್ಳುವ ಜಾಗ ಇದು. ಅಂಗಡಿಯಲ್ಲಿ "ಕ್ಯಾಟ್6" ಎಂದು ಕೊಡುವ 305 ಮೀಟರ್ ಡಬ್ಬಗಳಲ್ಲಿ ಸಿಸಿಎ ಎನ್ನುವುದು ಧಾರಾಳವಾಗಿ ಸಿಗುತ್ತದೆ. ಅಲ್ಯುಮಿನಿಯಂ ತಂತಿಗೆ ತಾಮ್ರದ ಲೇಪ, ಅಷ್ಟೇ. ಇಂಟರ್ನೆಟ್ ಹೇಗೋ ನಡೆಯುತ್ತದೆ, ಎಚ್‌ಡಿಬೇಸ್‌ಟಿ ನಡೆಯುವುದಿಲ್ಲ. ಹತ್ತು ಮೀಟರಿನಲ್ಲಿ ಚೆನ್ನಾಗಿ ಕಂಡದ್ದು ಐವತ್ತರಲ್ಲಿ ಮಿನುಗುತ್ತದೆ. ಅದೇ ತಂತಿಯಲ್ಲಿ ರಿಸೀವರ್‌ಗೆ ಕರೆಂಟೂ ಹೋಗುವುದರಿಂದ ಕೇಬಲ್ ಬಿಸಿಯಾಗುವುದೂ ಉಂಟು.

ಕೊಳ್ಳುವಾಗ ಹೀಗೆ ಪರೀಕ್ಷಿಸಿ. ಒಂದು ಎಳೆಯನ್ನು ಬ್ಲೇಡಿನಿಂದ ಹೆರೆಯಿರಿ. ಒಳಗೆ ಬೆಳ್ಳಗೆ ಕಂಡರೆ ಡಬ್ಬ ವಾಪಸ್ ಕೊಡಿ. ಮಲ್ಟಿಮೀಟರ್ ಇದ್ದರೆ ಇನ್ನೂ ಖಚಿತ: ಡಬ್ಬದ ಒಳತುದಿಯಲ್ಲಿ ಒಂದು ಜೋಡಿಯ ಎರಡು ಎಳೆಗಳನ್ನು ಸೇರಿಸಿ ತಿರುಚಿ, ಹೊರತುದಿಯಲ್ಲಿ ಆ ಜೋಡಿಯ ಓಮ್ ಅಳೆಯಿರಿ. 305 ಮೀಟರ್ ಪೂರ್ತಿ ಇರುವ 23 ಗೇಜ್ ಶುದ್ಧ ತಾಮ್ರವಾದರೆ 41ರಿಂದ 44 ಓಮ್, 24 ಗೇಜ್ ಆದರೆ 51ರಿಂದ 54. ಅರವತ್ತು ದಾಟಿದರೆ ಅದು ತಾಮ್ರವಲ್ಲ. ಸುರುಳಿಯ ಒಳತುದಿ ಸಿಗುವಂತೆ ಡಬ್ಬ ಬಿಚ್ಚಿಸಿಕೊಡಲು ಅಂಗಡಿಯವರು ಗೊಣಗುತ್ತಾರೆ. ಗೊಣಗಲಿ.

ಎಳೆಯುವಾಗ:

- 23 ಗೇಜ್, ಗಟ್ಟಿ ಎಳೆಯ ಕ್ಯಾಟ್6 ಅಥವಾ 6ಎ. ವಿದ್ಯುತ್ ತಂತಿಗಳ ಪಕ್ಕ ಹೋಗುವ ಕಡೆ, 4ಕೆ ಬೇಕಾದ ಕಡೆ ಫಾಯಿಲ್ ಹೊದಿಕೆಯದ್ದು. ಹೊದಿಕೆಯ ಕೇಬಲ್‌ಗೆ ಲೋಹದ ಜಾಕೇ ಹಾಕಬೇಕು.
- ಮ್ಯಾಟ್ರಿಕ್ಸ್‌ನಿಂದ ರಿಸೀವರ್‌ವರೆಗೆ ಒಂದೇ ತುಂಡು. ನಡುವೆ ಕಪ್ಲರ್, ಜಾಯಿಂಟ್ ಬೇಡ.
- ಎರಡೂ ತುದಿ 568ಬಿ (ಎಳೆಗಳನ್ನು ಜೋಡಿಸುವ ಬಣ್ಣದ ಕ್ರಮ). ಜಾಕ್ ಹಾಕುವಾಗ ಜೋಡಿಯ ತಿರುಚು ಬಿಚ್ಚುವುದು ಅರ್ಧ ಇಂಚಿಗಿಂತ ಹೆಚ್ಚಾಗಬಾರದು.
- ಲೈಟಿನ ಡಿಮ್ಮರ್, ಲಿಫ್ಟ್, ಎಸಿ ತಂತಿಗಳಿಂದ ಒಂದು ಅಡಿ ದೂರ. ದಾಟಲೇಬೇಕಾದರೆ ಅಡ್ಡಡ್ಡ ದಾಟಿಸಿ, ಜೊತೆಗೆ ಓಡಿಸಬೇಡಿ.
- ಹೆಚ್ಚು ಉಳಿದ ಕೇಬಲನ್ನು ಬಿಗಿಯಾಗಿ ಸುತ್ತಿ ಕಟ್ಟಬೇಡಿ. ಜಿಪ್ ಟೈ ಬಿಗಿದು ಕೇಬಲ್ ಸೊಂಟ ಮುರಿಯಬೇಡಿ.
- ಬಣ್ಣ ಬೇರೆ ಇರಲಿ. ಮಂಟಪದ ಇಂಟರ್ನೆಟ್ ನೀಲಿಯಾದರೆ ಇದು ಹಸಿರು. ಎಚ್‌ಡಿಬೇಸ್‌ಟಿ ನೆಟ್‌ವರ್ಕ್ ಅಲ್ಲ, ಜಾಕ್ ಮಾತ್ರ ಒಂದೇ ರೀತಿ. ಯಾರೋ ಅದನ್ನು ಇಂಟರ್ನೆಟ್ ಸ್ವಿಚ್‌ಗೆ ಚುಚ್ಚಿದರೆ ಚಿತ್ರ ಬರುವುದಿಲ್ಲ, ಕೆಲವೊಮ್ಮೆ ಪೋರ್ಟೂ ಹೋಗುತ್ತದೆ.

ಒಂದು ಪರದೆಗೆ ಎರಡು ಕೇಬಲ್ ಎಳೆದಿಡಿ. ಕೂಲಿ ಒಂದೇ, ಪೈಪ್ ಒಂದೇ. ಚಿತ್ರದುರ್ಗದ ಕಡೆಯ ಹಳೆಯ ಸೈಜುಕಲ್ಲಿನ ಕಟ್ಟಡಗಳಲ್ಲಿ ಇದು ಇನ್ನೂ ಮುಖ್ಯ. ಒಂದೂವರೆ ಎರಡು ಅಡಿ ದಪ್ಪದ ಕಲ್ಲು ಗೋಡೆಯನ್ನು ಎರಡನೇ ಸಲ ಕೊರೆಸುವುದು ಯಾರಿಗೂ ಬೇಡ. "ಗೋಡೆ ಯಾಕೆ ಕೊರೆಯೋದು, ವೈರ್‌ಲೆಸ್ ಎಚ್‌ಡಿಎಂಐ ಹಾಕಿದ್ರಾಯ್ತು" ಎನ್ನುವವರು ಅದೇ ಗೋಡೆಯ ಆಚೆ ಮೊಬೈಲ್ ವೈಫೈ ಎಷ್ಟು ಗೆರೆ ತೋರಿಸುತ್ತದೆ ಎಂದು ಮೊದಲು ನೋಡಲಿ.

ಹೊರಗಿನ ಎಲ್‌ಇಡಿಗೂ ಪಕ್ಕದ ಕಟ್ಟಡಕ್ಕೂ ತಾಮ್ರ ಬೇಡವೇ ಬೇಡ, ಫೈಬರ್ ಎಳೆಯಿರಿ. ಏಪ್ರಿಲ್, ಮೇ ತಿಂಗಳ ಅಡ್ಡಮಳೆಯ ಗುಡುಗು ಸಿಡಿಲಿಗೆ ಎರಡು ಕಟ್ಟಡಗಳ ಭೂಮಿಯ ವೋಲ್ಟೇಜ್ ಕ್ಷಣಕಾಲ ಬೇರೆಯಾಗುತ್ತದೆ. ಆ ವ್ಯತ್ಯಾಸ ಕ್ಯಾಟ್6 ಹಿಡಿದು ಮ್ಯಾಟ್ರಿಕ್ಸ್ ಒಳಗೆ ಬರುತ್ತದೆ. ಸಿಡಿಲು ನೇರ ಬಡಿಯಬೇಕೆಂದೇನೂ ಇಲ್ಲ. "ಫೈಬರ್ ಎಚ್‌ಡಿಎಂಐ" ಎಂದು ಮಾರುವ ರೆಡಿ ಕೇಬಲ್‌ಗಳಲ್ಲಿ ಬಹುಪಾಲಿಗೆ ಸಣ್ಣ ತಾಮ್ರದ ಎಳೆಗಳೂ ಇರುತ್ತವೆ. ಕಟ್ಟಡದೊಳಗೆ ಅವು ಚೆನ್ನ, ಕಟ್ಟಡಗಳ ನಡುವೆ ಪೂರ್ತಿ ಫೈಬರಿನ ಎಕ್ಸ್‌ಟೆಂಡರ್ ಜೋಡಿಯೇ (ಒಂದು ಕಡೆ ಕಳಿಸುವ, ಇನ್ನೊಂದು ಕಡೆ ಪಡೆಯುವ ಪೆಟ್ಟಿಗೆ) ಆಗಬೇಕು. ರೆಡಿ ಕೇಬಲ್‌ಗೆ ದಿಕ್ಕಿದೆ ಎನ್ನುವುದನ್ನೂ ಮರೆಯಬೇಡಿ. ಒಂದು ತುದಿ ಮೂಲಕ್ಕೆ, ಇನ್ನೊಂದು ಪರದೆಗೆ. ಪೈಪಿನೊಳಗೆ ಉಲ್ಟಾ ಎಳೆದರೆ ಪೂರ್ತಿ ತೆಗೆದು ಮತ್ತೆ ಎಳೆಯಬೇಕು, ಬೇರೆ ದಾರಿಯಿಲ್ಲ.

5. ಕರೆಂಟ್ ಮತ್ತು ಅರ್ಥಿಂಗ್

ಮ್ಯಾಟ್ರಿಕ್ಸ್, ಮಿಕ್ಸರ್, ಕಂಪ್ಯೂಟರ್, ವೇದಿಕೆಯ ಲ್ಯಾಪ್‌ಟಾಪ್ ಪಾಯಿಂಟ್‌ಗಳು, ಎಲ್‌ಇಡಿ ಪ್ರೊಸೆಸರ್, ಇವೆಲ್ಲ ಒಂದೇ ಫೇಸ್, ಒಂದೇ ಆನ್‌ಲೈನ್ ಯುಪಿಎಸ್, ಒಂದೇ ಅರ್ಥ್. ಲೈಟಿಂಗ್‌ನವರ ಡಿಮ್ಮರ್ ಬೇರೆ ಫೇಸ್. ಕೆಲಸ ಶುರು ಮಾಡುವ ಮುನ್ನ, ಹಾಲಿನ ಲೈಟು ಎಸಿ ಎಲ್ಲ ಹಾಕಿಸಿ ಪ್ರತಿ ಸಾಕೆಟ್‌ನಲ್ಲಿ ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಎಸಿ ವೋಲ್ಟೇಜ್ ಅಳೆಯಿರಿ. 2 ವೋಲ್ಟ್ ಒಳಗಿದ್ದರೆ ಸರಿ. ಐದಾರು ತೋರಿಸಿದರೆ ಎಲೆಕ್ಟ್ರಿಷಿಯನ್ ಕರೆಸಿ. ಅರ್ಥ್ ಪಿಟ್ ಒಣಗಿರಬಹುದು, ನ್ಯೂಟ್ರಲ್ ಸಡಿಲವಾಗಿರಬಹುದು. ಲೋಡ್ ಇಲ್ಲದಾಗ ಅಳೆದ ಲೆಕ್ಕಕ್ಕೆ ಬೆಲೆಯಿಲ್ಲ.

ಸ್ಪೀಕರ್‌ನಲ್ಲಿ ಗುಂಯ್‌ ಎನ್ನುವ ಸದ್ದು ಬಂದರೆ ಲ್ಯಾಪ್‌ಟಾಪ್ ಚಾರ್ಜರಿನ ಅರ್ಥ್ ಪಿನ್ ಮುರಿಯುವ, ಎರಡು ಪಿನ್ನಿನ ಅಡಾಪ್ಟರ್ ಹಾಕುವ ಚಾಳಿ ನಮ್ಮಲ್ಲಿದೆ. ಸದ್ದು ನಿಲ್ಲುತ್ತದೆ, ಮೈಕ್ ಹಿಡಿದವರಿಗೆ ಶಾಕ್ ಹೊಡೆಯುವ ದಾರಿ ತೆರೆಯುತ್ತದೆ. ಅದರ ಬದಲು ಧ್ವನಿಯ ದಾರಿಯಲ್ಲಿ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಹಾಕಿ, ಚಾರ್ಜರನ್ನು ಯುಪಿಎಸ್ ಸಾಕೆಟ್‌ಗೆ ತನ್ನಿ.

ಕರೆಂಟ್ ಹೋಗಿ ಜನರೇಟರ್ ಹಿಡಿಯುವ ಆ ಕೆಲವು ಸೆಕೆಂಡಿಗಾಗಿಯೇ ಯುಪಿಎಸ್. ಅದಿಲ್ಲದಿದ್ದರೆ ಮ್ಯಾಟ್ರಿಕ್ಸ್ ಪೂರ್ತಿ ಎದ್ದು ಚಿತ್ರ ಕೊಡಲು ಒಂದು ನಿಮಿಷವಾದರೂ ಬೇಕು. ಅಕ್ಷತೆ ಬೀಳುವ ಹೊತ್ತಿಗೆ ಅದು ಬಲು ಉದ್ದದ ನಿಮಿಷ.

6. ರ‍್ಯಾಕ್

ಚುಟುಕಾಗಿ: ಮ್ಯಾಟ್ರಿಕ್ಸ್‌ನ ಮೇಲೆ ಕೆಳಗೆ ಒಂದೊಂದು ಯುನಿಟ್ (1.75 ಇಂಚು ಎತ್ತರ) ಖಾಲಿ ಬಿಡಿ. ರ‍್ಯಾಕ್‌ನ ಒಟ್ಟು ವ್ಯಾಟ್ ಕೂಡಿಸಿ 3.41ರಿಂದ ಗುಣಿಸಿದರೆ ಗಂಟೆಗೆ ಎಷ್ಟು ಬಿಟಿಯು ಶಾಖ ಎಂದು ಸಿಗುತ್ತದೆ. 400 ವ್ಯಾಟ್‌ಗೆ ಸುಮಾರು 1,365. ಒಂದು ಟನ್ ಎಸಿ ತೆಗೆಯುವುದು 12,000, ಅಂದರೆ ಸಣ್ಣ ಎಸಿಯೇ ಧಾರಾಳ. ಆದರೆ ಎಸಿ ಇಲ್ಲದ, ಮುಚ್ಚಿದ ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಮೇ ತಿಂಗಳಲ್ಲಿ ಏನಾಗುತ್ತದೆ ಎಂದು ಬೇರೆ ಹೇಳಬೇಕಿಲ್ಲ. ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿಗಳ ಆಸುಪಾಸು ಇದ್ದೀರಾದರೆ ಫ್ಯಾನಿನ ಜಾಲರಿ ತಿಂಗಳಿಗೊಮ್ಮೆ ತೆಗೆದು ನೋಡಿ. ಜಿಡ್ಡು ಸೇರಿದ ಕರಿ ಧೂಳು ಬ್ರಷ್ಷಿಗೆ ಬಗ್ಗುವುದಿಲ್ಲ, ತೊಳೆದು ಒಣಗಿಸಿಯೇ ಹಾಕಬೇಕು.

7. ಇಡಿಐಡಿ

ಕಪ್ಪು ಪರದೆಯ ಅರ್ಧ ಕಥೆ ಇಲ್ಲಿದೆ, ಸ್ವಲ್ಪ ನಿಧಾನವಾಗಿ ಓದಿ.

ಪ್ರತಿ ಟಿವಿಯೊಳಗೆ ಒಂದು ಸಣ್ಣ ಪರಿಚಯ ಚೀಟಿ ಇರುತ್ತದೆ, ಸಾಮಾನ್ಯವಾಗಿ 256 ಬೈಟ್. ನಾನು ಇಂಥ ರೆಸಲ್ಯೂಷನ್ ತೋರಿಸಬಲ್ಲೆ, ಇಂಥ ಧ್ವನಿ ಕೇಳಿಸಬಲ್ಲೆ ಎಂದು ಅದರಲ್ಲಿ ಬರೆದಿರುತ್ತದೆ. ಅದೇ ಇಡಿಐಡಿ. ಲ್ಯಾಪ್‌ಟಾಪ್ ಆ ಚೀಟಿ ಓದಿ ಅದಕ್ಕೆ ತಕ್ಕ ಚಿತ್ರ ಕಳಿಸುತ್ತದೆ. ನಡುವೆ ಮ್ಯಾಟ್ರಿಕ್ಸ್ ಬಂದಾಗ ಲ್ಯಾಪ್‌ಟಾಪ್‌ಗೆ ಕಾಣುವುದು ಟಿವಿಯಲ್ಲ, ಮ್ಯಾಟ್ರಿಕ್ಸ್. ಹಾಗಾಗಿ ಯಾವ ಚೀಟಿ ತೋರಿಸಬೇಕು ಎಂದು ಮ್ಯಾಟ್ರಿಕ್ಸ್‌ಗೆ ನೀವು ಹೇಳಬೇಕು. ಹೇಳದಿದ್ದರೆ ಅದು ತನಗೆ ತೋಚಿದ್ದನ್ನು ತೋರಿಸುತ್ತದೆ, ಬಹಳ ಸಲ ಒಂದನೇ ಔಟ್‌ಪುಟ್‌ನದ್ದನ್ನು.

ಒಂದನೇ ಔಟ್‌ಪುಟ್‌ನಲ್ಲಿ 4ಕೆ ಟಿವಿ ಇದೆ ಎನ್ನಿ. ಲ್ಯಾಪ್‌ಟಾಪ್ 4ಕೆ ಕಳಿಸುತ್ತದೆ. ಅದನ್ನೇ 1080ಪಿ ಟಿವಿಗೂ ಕೊಟ್ಟರೆ ಆ ಟಿವಿ ಕಪ್ಪು. ಎಲ್‌ಇಡಿ ಪ್ರೊಸೆಸರ್‌ನ ಚೀಟಿ ಸಿಕ್ಕಿದರೆ ಇನ್ನೂ ವಿಚಿತ್ರ: 1280×768ರಂಥ ಅಳತೆಯ ಚಿತ್ರ ಹೊರಟು, ಉಳಿದ ಪರದೆಗಳಲ್ಲಿ ಕೆಲವು ಕಪ್ಪು, ಕೆಲವು ಅಡ್ಡಾದಿಡ್ಡಿ. ಒಂದು ಟಿವಿಗೆ 5.1 ಸೌಂಡ್‌ಬಾರ್ ತಗುಲಿಸಿದ್ದರೆ, ಸೆಟ್‌ಟಾಪ್ ಬಾಕ್ಸ್ ಡಾಲ್ಬಿ ಧ್ವನಿ ಕಳಿಸಿ ಉಳಿದ ಟಿವಿಗಳು ಮೂಕವಾಗುತ್ತವೆ.

ಪರಿಹಾರ ಸರಳ. ಮ್ಯಾಟ್ರಿಕ್ಸ್‌ನ ಇಡಿಐಡಿ ಮೆನುವಿನಲ್ಲಿ ಎಲ್ಲ ಇನ್‌ಪುಟ್‌ಗಳಿಗೂ "1080ಪಿ, 2 ಚಾನೆಲ್ ಪಿಸಿಎಂ" (ಸಾದಾ ಸ್ಟೀರಿಯೊ ಧ್ವನಿ) ಆರಿಸಿ ಉಳಿಸಿ. "ಆಟೊ" ಬೇಡ. "ಔಟ್‌ಪುಟ್‌ನಿಂದ ನಕಲು ಮಾಡು" ಎನ್ನುವುದೂ ಬೇಡ. ಬದಲಿಸಿದ ಮೇಲೆ ಮೂಲದ ಕೇಬಲ್ ಕಿತ್ತು ಹತ್ತು ಸೆಕೆಂಡ್ ಬಿಟ್ಟು ಹಾಕಿ, ಇಲ್ಲವಾದರೆ ಲ್ಯಾಪ್‌ಟಾಪ್ ಹಳೆಯ ಚೀಟಿಯನ್ನೇ ನೆನಪಿಟ್ಟುಕೊಂಡಿರುತ್ತದೆ.

ಇಷ್ಟಾದರೂ ವಿಂಡೋಸ್ ಲ್ಯಾಪ್‌ಟಾಪ್ ಒಂದು ತರಲೆ ಮಾಡುತ್ತದೆ. ಡೂಪ್ಲಿಕೇಟ್‌ನಲ್ಲಿ ಇಟ್ಟರೆ ತನ್ನ 1366×768 ಪರದೆಯ ಅಳತೆಗೇ ಎಲ್ಲವನ್ನೂ ಎಳೆಯುತ್ತದೆ. ವಿಂಡೋಸ್ ಕೀ ಜೊತೆ ಪಿ ಒತ್ತಿ "ಎಕ್ಸ್‌ಟೆಂಡ್" ಅಥವಾ "ಸೆಕೆಂಡ್ ಸ್ಕ್ರೀನ್ ಓನ್ಲಿ" ಆರಿಸುವಂತೆ ಲ್ಯಾಪ್‌ಟಾಪ್ ಪಾಯಿಂಟ್ ಪಕ್ಕದಲ್ಲೇ ಚೀಟಿ ಅಂಟಿಸಿ.

8. ಎಚ್‌ಡಿಸಿಪಿ

ಇದು ನಕಲು ತಡೆಯುವ ಬೀಗ. ಸೆಟ್‌ಟಾಪ್ ಬಾಕ್ಸ್, ಓಟಿಟಿ ಪೆಟ್ಟಿಗೆಗಳು ಬೀಗ ಹಾಕಿ ಚಿತ್ರ ಕಳಿಸುತ್ತವೆ. ದಾರಿಯಲ್ಲಿರುವ ಪ್ರತಿಯೊಂದೂ, ಅಂದರೆ ಮ್ಯಾಟ್ರಿಕ್ಸ್, ಸ್ಪ್ಲಿಟರ್, ಟಿವಿ ಎಲ್ಲವೂ ಬೀಗದ ಕೈ ಹೊಂದಿರಬೇಕು. ಎಚ್‌ಡಿಸಿಪಿ 2.2ರ ಬೀಗದ 4ಕೆ ಚಿತ್ರ ಎಚ್‌ಡಿಸಿಪಿ 1.4ರ ಹಳೆಯ ಟಿವಿಗೆ ಹೋದರೆ ಕಪ್ಪೇ ಗತಿ. ರೆಕಾರ್ಡರ್‌ಗೆ ಕೊಟ್ಟ ಔಟ್‌ಪುಟ್‌ನಲ್ಲಿ ಬೀಗದ ಚಿತ್ರ ಬರುವುದೇ ಇಲ್ಲ. ಅದು ದೋಷವಲ್ಲ, ಬೀಗ ಇರುವುದೇ ಅದಕ್ಕೆ.

ಕಾಡುವುದು ಮ್ಯಾಕ್ ಲ್ಯಾಪ್‌ಟಾಪ್. ಎದುರಿನವರ ಬಳಿ ಬೀಗದ ಕೈ ಇದೆ ಎಂದು ಕಂಡರೆ ಅದು ಬರೀ ಸ್ಲೈಡಿಗೂ ಬೀಗ ಹಾಕುತ್ತದೆ. ಪರಿಣಾಮ, ಭಾಷಣಕಾರರ ಸ್ಲೈಡ್ ಹಾಲಿನಲ್ಲಿ ಕಾಣುತ್ತದೆ, ಲೈವ್‌ನಲ್ಲಿ ಕಪ್ಪು. ಲ್ಯಾಪ್‌ಟಾಪ್ ಪಾಯಿಂಟ್‌ಗಳ ಇನ್‌ಪುಟ್‌ನಲ್ಲಿ ಎಚ್‌ಡಿಸಿಪಿ ಆಫ್ ಮಾಡಿಡಿ. ಈ ಆಯ್ಕೆ ಇಲ್ಲದ ಮ್ಯಾಟ್ರಿಕ್ಸ್ ಕೊಳ್ಳಬೇಡಿ. (ಮನೆಗೆ ತೆಗೆದುಕೊಂಡ ಡಿಟಿಎಚ್ ಚಂದಾ ಮಂಟಪದ ಟಿವಿಗೆ ಸಲ್ಲುವುದಿಲ್ಲ, ಅದಕ್ಕೆ ವಾಣಿಜ್ಯ ಚಂದಾ ಬೇರೆ ಇದೆ. ಅದೂ ಗೊತ್ತಿರಲಿ.)

9. ಧ್ವನಿ ಮತ್ತು ತಡ

ಹಾಲಿನ ಧ್ವನಿಯನ್ನು ಟಿವಿಯಿಂದ ತೆಗೆಯಬೇಡಿ, ಮ್ಯಾಟ್ರಿಕ್ಸ್‌ನ ಆಡಿಯೊ ಔಟ್‌ನಿಂದ ನೇರ ಸೌಂಡ್ ಮಿಕ್ಸರ್‌ಗೆ ಕೊಡಿ. ಕ್ಯಾಮೆರಾ, ಮಿಕ್ಸರ್, ಸ್ಕೇಲರ್, ಎಲ್‌ಇಡಿ ಪ್ರೊಸೆಸರ್ ಪ್ರತಿಯೊಂದೂ ಒಂದೆರಡು ಫ್ರೇಮ್ ತಡ ಮಾಡುತ್ತದೆ. 50 ಹರ್ಟ್ಸ್‌ನಲ್ಲಿ ಫ್ರೇಮಿಗೆ 20 ಮಿಲಿಸೆಕೆಂಡ್. ಐದು ಫ್ರೇಮ್ ಸೇರಿದರೆ 100. ಹಾಡುವವರ ತುಟಿ ಹಿಂದಿನ ವಾಲ್‌ನಲ್ಲಿ ತಡವಾಗಿ ಆಡುವುದು ಆಗ ಎದ್ದು ಕಾಣುತ್ತದೆ. ಹಾಲಿನ ಸ್ಪೀಕರ್‌ಗೆ ಡಿಲೇ ಕೊಟ್ಟು ಸರಿಮಾಡಲು ಹೋಗಬೇಡಿ, ವೇದಿಕೆಯ ಮೇಲಿನವರು ತಾಳ ತಪ್ಪುತ್ತಾರೆ. ಚಿತ್ರದ ದಾರಿಯಲ್ಲಿ ಬೇಡದ ಸ್ಕೇಲರ್ ತೆಗೆಯಿರಿ. ಊಟದ ಹಾಲಿನಲ್ಲಾದರೆ ಧಾರಾಳವಾಗಿ ಡಿಲೇ ಕೊಡಬಹುದು, ಅಲ್ಲಿ ಗಾಯಕರ ಸ್ವಂತ ದನಿ ಕೇಳುವುದಿಲ್ಲ.

10. ಪ್ರೀಸೆಟ್, ನಿಯಂತ್ರಣ

ಹನ್ನೆರಡು ಔಟ್‌ಪುಟ್‌ಗಳನ್ನು ಒಂದೊಂದಾಗಿ ಬದಲಿಸುವವರಿಗೆ ಗಡಿಬಿಡಿಯಲ್ಲಿ ಒಂದಾದರೂ ತಪ್ಪುತ್ತದೆ. ಒಂದು ಗುಂಡಿಗೆ ಎಲ್ಲವೂ ತಮ್ಮ ಜಾಗಕ್ಕೆ ಬರುವಂತೆ ಪ್ರೀಸೆಟ್ ಉಳಿಸಿ, ಕನ್ನಡದಲ್ಲೇ ಹೆಸರು ಬರೆದು ಅಂಟಿಸಿ: ಮುಹೂರ್ತ, ಆರತಕ್ಷತೆ, ಊಟ, ಎಲ್ಲಕ್ಕೂ ಸ್ವಾಗತ ಫಲಕ. ಆ ಕೊನೆಯದು ಅಪಾಯದ ಗುಂಡಿ. ಏನು ಕೆಟ್ಟರೂ ಅದನ್ನು ಒತ್ತಿದರೆ ಪರದೆಗಳು ಮರ್ಯಾದೆ ಉಳಿಸಿಕೊಳ್ಳುತ್ತವೆ.

ಮ್ಯಾಟ್ರಿಕ್ಸ್‌ಗೆ ಸ್ಥಿರ ಐಪಿ ಕೊಡಿ, ಕಾರ್ಖಾನೆಯ ಪಾಸ್‌ವರ್ಡ್ ಬದಲಿಸಿ, ಅತಿಥಿಗಳ ವೈಫೈಗೆ ಸೇರಿಸಬೇಡಿ. ಮುಂಭಾಗದ ಗುಂಡಿಗಳನ್ನು ಲಾಕ್ ಮಾಡಿ. ಕಂಟ್ರೋಲ್ ರೂಮಿಗೆ ಮಕ್ಕಳು ಬಂದೇ ಬರುತ್ತಾರೆ.

11. ಪರೀಕ್ಷೆ

10 ಇನ್‌ಪುಟ್, 12 ಔಟ್‌ಪುಟ್ ಎಂದರೆ 120 ಜೋಡಿ. ಎಲ್ಲವನ್ನೂ ನೋಡಬೇಕಿಲ್ಲ. ಚೆನ್ನಾಗಿರುವುದು ಖಾತ್ರಿಯಾದ ಒಂದು ಪರದೆಗೆ ಹತ್ತೂ ಇನ್‌ಪುಟ್‌ಗಳನ್ನು ಒಂದೊಂದಾಗಿ ತನ್ನಿ. ಆಮೇಲೆ ಖಾತ್ರಿಯಾದ ಒಂದು ಮೂಲವನ್ನು ಹನ್ನೆರಡೂ ಔಟ್‌ಪುಟ್‌ಗೆ ಕಳಿಸಿ. 22 ಪರೀಕ್ಷೆ. ಉಳಿದದ್ದು ಕಾಲಾವಧಿ: ಎಲ್ಲ ಪರದೆ, ಎಲ್ಲ ಲೈಟು, ಎಸಿ ಹಾಕಿ ನಾಲ್ಕು ಗಂಟೆ ಓಡಿಸಿ. ನಡುವೆ ಎರಡು ಸಲ ಮೇನ್ಸ್ ತೆಗೆಸಿ ಜನರೇಟರ್‌ಗೆ ಬದಲಿಸಿ ನೋಡಿ. ಲಿಫ್ಟ್ ಓಡಾಡಿದಾಗ ಯಾವ ಪರದೆಯಾದರೂ ಮಿನುಗಿದರೆ ಆ ಕೇಬಲ್‌ನ ದಾರಿ ಬದಲಿಸಬೇಕು. ಗುತ್ತಿಗೆದಾರರ ಕೊನೆಯ ಕಂತು ಈ ನಾಲ್ಕು ಗಂಟೆಯ ನಂತರ.

ತೊಂದರೆ ಬಂದರೆ ಎಲ್ಲಿ ನೋಡುವುದು

ಒಂದೇ ಪರದೆ ಕಪ್ಪು, ಉಳಿದವು ಸರಿ: ಆ ಔಟ್‌ಪುಟ್‌ನ ಕೇಬಲನ್ನು ಪಕ್ಕದ ಪೋರ್ಟಿಗೆ ಹಾಕಿ, ಅದಕ್ಕೂ ಅದೇ ಚಿತ್ರ ಕೊಡಿ. ಚಿತ್ರ ಬಂದರೆ ಪೋರ್ಟ್ ಹೋಗಿದೆ, ಬರದಿದ್ದರೆ ಕೇಬಲ್ ಅಥವಾ ರಿಸೀವರ್. ಎಳೆದಿಟ್ಟ ಎರಡನೇ ಕೇಬಲ್ ಹಾಕಿ ನೋಡಿದರೆ ಅದೂ ಬಗೆಹರಿಯುತ್ತದೆ.

ಒಂದೇ ಮೂಲ ಎಲ್ಲ ಕಡೆ ಕಪ್ಪು: ಇಡಿಐಡಿ ಅಥವಾ ಎಚ್‌ಡಿಸಿಪಿ. ಮೂಲವನ್ನು ನೇರ ಟಿವಿಗೆ ಚುಚ್ಚಿ ನೋಡಿ.

ಬಿಳಿ ಚುಕ್ಕೆಗಳು ಮಿಂಚುವುದು, ಆಗಾಗ ಒಂದು ಕ್ಷಣ ಕಪ್ಪಾಗುವುದು: ಕೇಬಲ್ ಉದ್ದ ಹೆಚ್ಚಾಗಿದೆ, ಇಲ್ಲವೇ ಜಾಕ್ ಸರಿ ಇಲ್ಲ. ಮೊದಲು ಎರಡೂ ತುದಿಯ ಜಾಕ್ ಕತ್ತರಿಸಿ ಹೊಸದಾಗಿ ಹಾಕಿ. ಹೋಗದಿದ್ದರೆ ಆ ಮೂಲದ ರೆಸಲ್ಯೂಷನ್ ಇಳಿಸಿ ನೋಡಿ. ಇಳಿಸಿದಾಗ ಸರಿಯಾದರೆ ಕೇಬಲ್‌ಗೆ ಅಷ್ಟು ಹೊರೆ ಹೊರಲಾಗುತ್ತಿಲ್ಲ ಎಂದೇ ಅರ್ಥ.

ಬೆಳಿಗ್ಗೆ ಸರಿ, ಮಧ್ಯಾಹ್ನ ಕೈಕೊಡುವುದು: ಶಾಖ. ರ‍್ಯಾಕ್ ಬಾಗಿಲು ತೆರೆದು ಫ್ಯಾನಿಗೆ ಕೈ ಒಡ್ಡಿ.

ಬಣ್ಣ ಪೂರ್ತಿ ನೇರಳೆ ಅಥವಾ ಹಸಿರು: ಮೂಲ ಒಂದು ಬಣ್ಣಪದ್ಧತಿಯಲ್ಲಿ ಕಳಿಸುತ್ತಿದೆ, ಪರದೆ ಇನ್ನೊಂದೆಂದು ತಿಳಿದಿದೆ. ಕೇಬಲ್ ಕಿತ್ತು ಹಾಕಿದರೆ ಬಹಳ ಸಲ ಹೋಗುತ್ತದೆ. ಹೋಗದಿದ್ದರೆ ಮೂಲದಲ್ಲಿ ಆರ್‌ಜಿಬಿ ಎಂದು ಖಾಯಂ ಮಾಡಿ.

ಬಿಡಿಭಾಗಗಳ ಬಗ್ಗೆ: ಈ ಸಾಮಾನುಗಳ ಸರ್ವಿಸ್ ಸಾಮಾನ್ಯವಾಗಿ ಬೆಂಗಳೂರಿನಲ್ಲಿ. ಬೆಳಿಗ್ಗೆ ಬಸ್ಸಿಗೆ ಹಾಕಿಸಿದರೂ ಪಾರ್ಸೆಲ್ ದಾವಣಗೆರೆ ಮುಟ್ಟುವುದು ಮಧ್ಯಾಹ್ನಕ್ಕೆ, ಅಷ್ಟರಲ್ಲಿ ಮುಹೂರ್ತ ಮುಗಿದು ಎರಡನೇ ಪಂಕ್ತಿ ಏಳುತ್ತಿರುತ್ತದೆ. ರ‍್ಯಾಕ್‌ನ ಕೆಳಗಿನ ಖಾನೆಯಲ್ಲಿ ಇಷ್ಟು ಇರಲಿ: ಎಚ್‌ಡಿಬೇಸ್‌ಟಿ ರಿಸೀವರ್ 2, ಮ್ಯಾಟ್ರಿಕ್ಸ್‌ನ ಪವರ್ ಸಪ್ಲೈ 1 (ಕಳಚಿ ಹಾಕುವಂಥದ್ದಾದರೆ), 1×4 ಸ್ಪ್ಲಿಟರ್ 1, 3 ಮೀಟರ್ ಎಚ್‌ಡಿಎಂಐ ಕೇಬಲ್ 4, ಟೈಪ್‌ಸಿಯಿಂದ ಎಚ್‌ಡಿಎಂಐ ಅಡಾಪ್ಟರ್ 2, ಲೋಹದ ಜಾಕ್ 20, ಕ್ರಿಂಪಿಂಗ್ ಟೂಲ್, ಕೇಬಲ್ ಟೆಸ್ಟರ್. ರ‍್ಯಾಕ್ ಬಾಗಿಲ ಒಳಮೈಗೆ ಮೊದಲ ದಿನ ಬರೆದ ಪಟ್ಟಿಯನ್ನೇ ಪೋರ್ಟ್ ಸಂಖ್ಯೆ, ಕೇಬಲ್ ಸಂಖ್ಯೆ ಸೇರಿಸಿ ಅಂಟಿಸಿ. ಅದೇ ಸಂಖ್ಯೆ ಕೇಬಲ್‌ನ ಎರಡೂ ತುದಿಯಲ್ಲಿರಲಿ, ಪೆನ್ನಿನಲ್ಲಿ ಬರೆದದ್ದಲ್ಲ, ಪ್ರಿಂಟಾದ ಸ್ಲೀವ್‌ನಲ್ಲಿ.